ಸಹಾಯ ಬೇಕು: ಡೇ ಕೇರ್‌ನಲ್ಲಿ ಮಗಳು ಮಲಗುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮಗಳಿಗೆ ಎಂಟು ತಿಂಗಳು. ನನ್ನ 26 ವಾರದ ಹೆರಿಗೆ ರಜೆ ಮುಗಿದಿದೆ. ಆಫೀಸಿನಲ್ಲೇ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅನ್ನುವ ಕಾನೂನು 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಾತ್ರ. ನಾವಿರುವುದೇ ಹದಿನೆಂಟು ಜನ! ಹಾಗಾಗಿ ಮನೆ ಹತ್ತಿರದ ಡೇ ಕೇರ್‌ಗೆ ಸೇರಿಸಿ ಮೂರು ವಾರ ಆಯಿತು.

ಊಟದ ತಕರಾರಿಲ್ಲ, ರಾಗಿ ಸರಿ ಡಬ್ಬಿ ಖಾಲಿಯಾಗಿ ಬರುತ್ತದೆ. ತೊಂದರೆ ನಿದ್ದೆಯದು. ಮನೆಯಲ್ಲಿ ಸೀರೆ ಜೋಲಿಯಲ್ಲಿ ತೂಗಿದರೆ ಐದೇ ನಿಮಿಷಕ್ಕೆ ಕಣ್ಣು ಮುಚ್ಚುತ್ತಾಳೆ. ಅಲ್ಲಿ ನೆಲದ ಮೇಲೆ ಹಾಸಿಗೆ. ಸಂಜೆ ಕರೆತರುವಾಗ ಕಣ್ಣು ಕೆಂಪಗಾಗಿರುತ್ತದೆ, ಆಟೋ ಹತ್ತುವಷ್ಟರಲ್ಲಿ ನನ್ನ ಹೆಗಲ ಮೇಲೇ ನಿದ್ದೆ. ಆಮೇಲೆ ರಾತ್ರಿ ಹನ್ನೊಂದಾದರೂ ಆಟ.

ಹಾಸಿಗೆ ಮೇಲೆ ಹಾಸಲು ನನ್ನ ಹಳೇ ಸೀರೆ ಕೊಟ್ಟು ನೋಡಿದೆ. ಒಂದು ವಾರ ಅರ್ಧ ದಿನ ಮಾತ್ರ ಬಿಟ್ಟೆ. ಏನೂ ಬದಲಾಗಲಿಲ್ಲ. ಜೋಲಿ ಕಟ್ಟಿ ಅಂದರೆ, "ಒಂದು ಮಗುವಿಗೆ ಕಟ್ಟಿದ್ರೆ ಎಲ್ಲರಿಗೂ ಕಟ್ಬೇಕಾಗುತ್ತೆ ಮೇಡಂ" ಅನ್ನುತ್ತಾರೆ. ಅವರ ಮಾತೂ ಸರಿನೇ ಅನ್ನಿ. ಅತ್ತೆ ಬೇರೆ ಕಡೆ ಸೇರಿಸು ಅಂತಾರೆ, ಆದರೆ ಮೂರು ತಿಂಗಳ ಫೀಸು ಆಗಲೇ ಕಟ್ಟಿದ್ದೇನೆ.

ಈಗ ಮನೆಯಲ್ಲೂ ಜೋಲಿ ಬಿಡಿಸಬೇಕಾ, ಇಲ್ಲಾ ಅಲ್ಲಿಯದು ಬೇರೆ ಇಲ್ಲಿಯದು ಬೇರೆ ಅಂತ ಮಗು ತಾನೇ ಹೊಂದಿಕೊಳ್ಳುತ್ತದಾ? ಜೋಲಿ ಅಭ್ಯಾಸದ ಮಗುವನ್ನು ಡೇ ಕೇರ್‌ಗೆ ಬಿಟ್ಟವರು ಇದ್ದರೆ, ಎಷ್ಟು ವಾರ ಹಿಡಿಯಿತು ಅಂತ ಹೇಳ್ತೀರಾ?