ಪದಚರ್ಚೆ: ರೆಮಿಷನ್‌ಗೆ ಕನ್ನಡದಲ್ಲಿ ಏನನ್ನೋಣ? ವಾಸಿ, ಉಪಶಮನ, ಬಿಡುವು, ಹೊಳವು

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮ ನೆರವು ಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಡಾಕ್ಟರುಗಳು 'ರೆಮಿಷನ್' ಅನ್ನುತ್ತಾರಲ್ಲ, ಆ ಪದ. ಕೇಳುವುದಕ್ಕೆ ಕಾರಣ ಮನೆಯದ್ದೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

ತೀರ್ಥಹಳ್ಳಿ ಕಡೆ ಇರುವ ನಮ್ಮ ಚಿಕ್ಕಮ್ಮನಿಗೆ ರಕ್ತದ ಕ್ಯಾನ್ಸರ್. ಸಿಎಂಎಲ್ ಎಂಬ ಬಗೆ, ನಿಧಾನವಾಗಿ ಬೆಳೆಯುವಂಥದ್ದು. ದಿನಕ್ಕೊಂದು ಇಮಾಟಿನಿಬ್ ಮಾತ್ರೆ. ಆರು ವರ್ಷ ಒಂದು ದಿನವೂ ತಪ್ಪಿಸದೆ ನುಂಗಿದರು. ಹೋದ ವರ್ಷ ಬಂದ ರಿಪೋರ್ಟಿನಲ್ಲಿ ರೆಮಿಷನ್ ಅಂತ ಬರೆದಿತ್ತು. "ಏನಂತೋ ಅದು?" ಅಂತ ಫೋನಿನಲ್ಲಿ ಕೇಳಿದರು. ನನಗೂ ಖುಷಿಯಾಗಿತ್ತು. "ಈಗ ವಾಸಿ ಚಿಕ್ಕಮ್ಮ" ಅಂದೆ.

ನಾನು ಹೇಳಿದ್ದು 'ಅದಕ್ಕಿಂತ ಇದು ವಾಸಿ' ಅನ್ನುವಾಗಿನ ವಾಸಿ. ಅವರ ಕಿವಿಗೆ ಬಿದ್ದದ್ದು 'ಜ್ವರ ವಾಸಿಯಾಯ್ತು' ಅನ್ನುವಾಗಿನ ವಾಸಿ. ಹರಕೆ ತೀರಿಸಿದರು, ಮಾತ್ರೆ ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ, ವಾಸಿಯಾಗಿದೆಯಲ್ಲ. ನಾಲ್ಕು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ ರೋಗದ ಅಂಕಿ ಮತ್ತೆ ಏರಿತ್ತು. ಮಾತ್ರೆ ಪುನಃ ಶುರುವಾಯಿತು, ಅಂಕಿ ಇಳಿಯಿತು, ಈಗ ಚೆನ್ನಾಗಿದ್ದಾರೆ. ಆದರೆ ಆ ನಾಲ್ಕು ತಿಂಗಳು ನೆನಪಾದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ. ಅದಕ್ಕೇ ಈ ಪದವನ್ನು ನಾನು ಬಿಡುವ ಹಾಗಿಲ್ಲ.

ರೆಮಿಷನ್ ಅಂದರೆ ರೋಗದ ಗುರುತುಗಳು ಕಡಿಮೆಯಾಗಿವೆ, ಇಲ್ಲವೇ ಪರೀಕ್ಷೆಗೆ ಸಿಗದಷ್ಟು ಇಳಿದಿವೆ ಅಂತ. ಅಷ್ಟೇ. ರೋಗ ಬೇರುಸಮೇತ ಹೋಯಿತು ಅಂತ ಅದು ಹೇಳುವುದಿಲ್ಲ. ಜೋರಾಗಿ ಬೆಳೆಯುವ ಲ್ಯುಕೇಮಿಯಾದಲ್ಲಿ (ರಕ್ತದ ಕ್ಯಾನ್ಸರಿನಲ್ಲಿ) ಮೂಳೆಯ ಮಜ್ಜೆಯೊಳಗೆ ಎಳೆಯ ಕೆಟ್ಟ ಕೋಶಗಳು 5%ಗಿಂತ ಕಡಿಮೆಯಾಗಿ, ರಕ್ತದ ಎಣಿಕೆ ಸರಿಹೋದರೆ 'ಕಂಪ್ಲೀಟ್ ರೆಮಿಷನ್' ಅನ್ನುತ್ತಾರೆ. ಕಂಪ್ಲೀಟ್ ಅಂದಮೇಲೂ ಮೈಯೊಳಗೆ ಕೋಟಿಗಟ್ಟಲೆ ಕ್ಯಾನ್ಸರ್ ಕೋಶಗಳು ಉಳಿದಿರಬಹುದು. ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ, ಅಷ್ಟೇ.

ಕ್ಯಾನ್ಸರ್ ಔಷಧಿಗಳ ಕತೆಯ ಮೊದಲ ಪುಟದಲ್ಲೇ ಈ ಪದ ಇದೆ. 1948ರಲ್ಲಿ ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಬಂದ 16 ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧಿ ಕೊಟ್ಟ ವಿಷಯ ಬರೆದರು. 10 ಮಕ್ಕಳು ಚೇತರಿಸಿಕೊಂಡರು. ಆ ಔಷಧಿ ತಯಾರಾದದ್ದು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮುನ್ನಡೆಸುತ್ತಿದ್ದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಫಾರ್ಬರ್ ತಮ್ಮ ಬರಹದ ತಲೆಬರಹದಲ್ಲೇ 'ಟೆಂಪರರಿ' ಅಂತ ಸೇರಿಸಿ, ಇದು ತಾತ್ಕಾಲಿಕ ರೆಮಿಷನ್ ಅಂದರು. ಕೆಲವು ತಿಂಗಳಿಗೆ ರೋಗ ತಿರುಗಿ ಬರುತ್ತಿತ್ತು. ಆ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು.

ಇಲ್ಲಿ ಕನ್ನಡದ ಒಂದು ವಿಚಿತ್ರ ಗಮನಿಸಿ. ರೋಗ ತಿರುಗಿ ಬರುವುದಕ್ಕೆ ನಮ್ಮಲ್ಲಿ ಗಟ್ಟಿಯಾದ ಪದ ಇದೆ: ಮರುಕಳಿಸು. 'ಜ್ವರ ಮರುಕಳಿಸಿತು' ಅಂದರೆ ಯಾರಿಗೂ ವಿವರಿಸಬೇಕಿಲ್ಲ. ರೋಗ ಬಂತು, ವಾಸಿಯಾಯ್ತು, ಮರುಕಳಿಸಿತು. ಆದರೆ ರೋಗ ತಗ್ಗಿ, ಇನ್ನೂ ಮರುಕಳಿಸದೆ ಇರುವ ನಡುವಿನ ಕಾಲಕ್ಕೆ ಹೆಸರಿಲ್ಲ. ಹಿಂದೆ ಆ ನಡುವಿನ ಕಾಲ ತೀರಾ ಚಿಕ್ಕದಿತ್ತು, ಹೆಸರಿನ ಅಗತ್ಯವೇ ಬೀಳಲಿಲ್ಲ ಅಂತ ನನಗೆ ಅನಿಸುತ್ತದೆ. ಈಗ ಹಾಗಿಲ್ಲ. ಜನ ಅದರೊಳಗೆ ವರ್ಷಗಟ್ಟಲೆ ಬದುಕುತ್ತಿದ್ದಾರೆ. ಮದುವೆ ಮಾಡಿಸುತ್ತಾರೆ, ಮನೆ ಕಟ್ಟುತ್ತಾರೆ, ತೋಟ ನೋಡಿಕೊಳ್ಳುತ್ತಾರೆ.

ಚಿಕ್ಕಮ್ಮನ ಮಾತ್ರೆಯನ್ನೇ ನೋಡಿ. ಸಿಎಂಎಲ್‌ನಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಒಂದು ಹೊಸ ಜೀನ್ ಹುಟ್ಟುತ್ತದೆ. ಅದು 'ಬೆಳೆ, ಬೆಳೆ' ಅಂತ ಕೋಶಕ್ಕೆ ಸಂದೇಶ ಕೊಡುತ್ತಲೇ ಇರುತ್ತದೆ. ಇಮಾಟಿನಿಬ್ ಆ ಸಂದೇಶದ ಬಾಯಿ ಮುಚ್ಚಿಸುತ್ತದೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ಈ ಮಾತ್ರೆಗಾಗಿ ನೊವಾರ್ಟಿಸ್ ಕಂಪನಿ ಹಾಕಿದ್ದ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಕಡಿಮೆ ಬೆಲೆಯ ದೇಶಿ ಮಾತ್ರೆ ಉಳಿದುಕೊಂಡಿತು. ನಮ್ಮಂಥ ಮನೆಗಳಲ್ಲಿ ಈ ಪದದ ಅಗತ್ಯ ಬಿದ್ದಿರುವುದು ಆ ಕಾರಣಕ್ಕೂ ಹೌದು.

ಆಮೇಲೆ ಇನ್ನೊಂದು ಪ್ರಶ್ನೆ ಬಂತು: ವರ್ಷಗಟ್ಟಲೆ ರೋಗ ಕಾಣಿಸದಿದ್ದವರು ಮಾತ್ರೆ ನಿಲ್ಲಿಸಬಹುದಾ? ಫ್ರಾನ್ಸಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆಯಲ್ಲಿ ಏನೂ ಸಿಗದ 100 ಮಂದಿಗೆ ಮಾತ್ರೆ ನಿಲ್ಲಿಸಿ ನೋಡಿದರು. 2010ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 40ರಷ್ಟು ಜನರಲ್ಲಿ ರೋಗ ಮರುಕಳಿಸಿರಲಿಲ್ಲ. ಮರುಕಳಿಸಿದವರಲ್ಲಿ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ ಮರುಕಳಿಸಿತು, ಮಾತ್ರೆ ಕೊಟ್ಟಾಗ ಮತ್ತೆ ತಗ್ಗಿತು. ಅಂದರೆ ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ಡಾಕ್ಟರ ಕಣ್ಣಮುಂದೆ, ಮೊದಮೊದಲು ತಿಂಗಳು ತಿಂಗಳೂ ಪರೀಕ್ಷೆ ಮಾಡಿಸಿಕೊಂಡು. ನಮ್ಮ ಚಿಕ್ಕಮ್ಮ ಮಾಡಿದ ಹಾಗಲ್ಲ. ಹೀಗೆ ಮಾತ್ರೆ ನಿಲ್ಲಿಸಿದಮೇಲೂ ರೋಗ ತಗ್ಗಿಯೇ ಇರುವುದಕ್ಕೆ 'ಟ್ರೀಟ್‌ಮೆಂಟ್ ಫ್ರೀ ರೆಮಿಷನ್' ಅನ್ನುತ್ತಾರೆ. ಕನ್ನಡದಲ್ಲಿ ಹೇಗೆ ಹೇಳುವುದು ಹೇಳಿ!

ಕಾರ್-ಟಿ ಚಿಕಿತ್ಸೆಯೂ ಈಗ ದೂರದ ಮಾತಲ್ಲ. ರೋಗಿಯದೇ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು) ರಕ್ತದಿಂದ ತೆಗೆದು, ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಜೀನ್ ಸೇರಿಸಿ, ಬೆಳೆಸಿ ವಾಪಸ್ ಮೈಗೆ ಹಾಕುತ್ತಾರೆ. ಫಿಲಡೆಲ್ಫಿಯಾದಲ್ಲಿ 2012ರಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿಗೆ ಇದನ್ನು ಕೊಟ್ಟರು. ಹತ್ತು ವರ್ಷ ದಾಟಿದರೂ ಕ್ಯಾನ್ಸರ್ ತಿರುಗಿ ಬರಲಿಲ್ಲ. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ಕಾರ್ಟೆಮಿ ಎಂಬ ಇದೇ ಬಗೆಯ ಚಿಕಿತ್ಸೆ ತಂದಿತು. ಈ ಚಿಕಿತ್ಸೆ ಪಡೆದವರ ರಿಪೋರ್ಟುಗಳಲ್ಲೂ ಇದೇ ಪದ ಇರುತ್ತದೆ. ಅದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಬೇಕಾದ ಮಕ್ಕಳು, ಸೊಸೆಯಂದಿರು, ಅಳಿಯಂದಿರು ನನ್ನ ಹಾಗೇ ತಡವರಿಸುತ್ತಿರುತ್ತಾರೆ.

ಸರಿ, ಪದಗಳಿಗೆ ಬರೋಣ.

'ವಾಸಿ' ಬೇಡ. ಯಾಕೆ ಅಂತ ಮೇಲೆ ಹೇಳಿದೆ. 'ಗುಣ'ದ್ದೂ ಅದೇ ತೊಂದರೆ. 'ಗುಣ ಕಾಣಿಸ್ತಿದೆ' ಅಂದರೆ ಸುಧಾರಣೆ, 'ಗುಣ ಆಯ್ತು' ಅಂದರೆ ಮುಗಿಯಿತು. ಕ್ರಿಯಾಪದ ಸ್ವಲ್ಪ ಬದಲಾದರೆ ಅರ್ಥವೇ ಬೇರೆ. ಫೋನಿನಲ್ಲಿ ಅರ್ಧಂಬರ್ಧ ಕೇಳಿಸಿದರೆ ಅಪಾಯ.

'ಉಪಶಮನ' ಅನ್ನು ಕೆಲವರು ಬಳಸಿದ್ದನ್ನು ಓದಿದ್ದೇನೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಯಾಕೆಂದರೆ 'ಉಪಶಾಮಕ ಆರೈಕೆ' ಅನ್ನುವುದು ಪ್ಯಾಲಿಯೇಟಿವ್ ಕೇರ್‌ಗೆ ಈಗಾಗಲೇ ನಿಂತುಬಿಟ್ಟಿದೆ. ನೋವು, ಸಂಕಟ ಕಡಿಮೆ ಮಾಡುವ ಆರೈಕೆ ಅದು. ಬಹಳಷ್ಟು ಮನೆಗಳಲ್ಲಿ ಆ ಹೆಸರು ಕಿವಿಗೆ ಬೀಳುವುದು ರೋಗ ಕೈಮೀರಿದಾಗ. 'ನಿಮ್ಮ ತಂದೆಗೆ ಉಪಶಮನ' ಅಂದರೆ ರೋಗ ತಗ್ಗಿದೆ ಅಂತಲೋ, ಇನ್ನು ಮಾಡುವುದೇನೂ ಇಲ್ಲ ಅಂತಲೋ? ಎರಡು ತದ್ವಿರುದ್ಧ ಸುದ್ದಿಗಳಿಗೆ ಒಂದೇ ಪದ ಇರಬಾರದು.

'ಮಾಯ' ಪತ್ರಿಕೆಗಳ ಪದ. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡೊಸ್ಟಾರ್ಲಿಮಾಬ್ ಎಂಬ ಔಷಧಿ ಕೊಟ್ಟು, ಗುದನಾಳದ ಒಂದು ಬಗೆಯ ಕ್ಯಾನ್ಸರ್ ಇದ್ದ 12 ಮಂದಿಯಲ್ಲೂ ಗಡ್ಡೆ ಕಾಣಿಸದಂತಾಯಿತು. ದೊಡ್ಡ ಸಂಗತಿಯೇ. ಆದರೆ ಅವರೆಲ್ಲರ ಗಡ್ಡೆಯಲ್ಲಿ ಒಂದೇ ಥರದ ಜೀನ್ ದೋಷ ಇತ್ತು, ಎಲ್ಲರಿಗೂ ಒಗ್ಗುವ ಔಷಧಿ ಅಲ್ಲ. 'ಮಾಯ' ಅಂದಕೂಡಲೇ ಆ ಎಚ್ಚರಿಕೆಯೂ ಮಾಯವಾಗುತ್ತದೆ. (ಗಾಯ 'ಮಾಯುವುದು' ಬೇರೆ, ಅದೊಂದು ಚೆಂದದ ಪದ. ಹುಣ್ಣಿಗೆ, ಗಾಯಕ್ಕೆ ಸರಿ. ರಕ್ತದ ಕ್ಯಾನ್ಸರ್ ಮಾಯಿತು ಅನ್ನಲಾಗುವುದಿಲ್ಲ.)

'ಅಡಗು' ಬಗ್ಗೆ ತುಂಬಾ ಯೋಚಿಸಿದೆ. ತಗ್ಗುವುದು, ಬಚ್ಚಿಟ್ಟುಕೊಳ್ಳುವುದು ಎರಡೂ ಅದರಲ್ಲಿವೆ. ಅರ್ಥದ ಲೆಕ್ಕದಲ್ಲಿ ಇದಕ್ಕಿಂತ ಕರಾರುವಾಕ್ಕಾದ ಪದ ಇಲ್ಲ. ಆದರೆ 'ಕಾಯಿಲೆ ಅಡಗಿದೆ' ಅಂತ ರೋಗಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ರಾತ್ರಿ ನಿದ್ದೆ ಬರಬೇಕಲ್ವಾ ಅವರಿಗೆ?

ನನ್ನ ಒಲವು 'ಬಿಡುವು' ಕಡೆಗೆ. 'ಜ್ವರ ಬಿಡ್ತು' ಅನ್ನುತ್ತೇವೆ. 'ಮಳೆ ಬಿಡುವು ಕೊಟ್ಟಿದೆ' ಅನ್ನುತ್ತೇವೆ. ರೆಮಿಷನ್ನಿನ ಮೂಲ ಲ್ಯಾಟಿನ್ನಿನ ರೆಮಿಟೆರೆ. ಹಿಂದಕ್ಕೆ ಕಳಿಸು, ಸಡಿಲ ಬಿಡು ಅಂತ ಅರ್ಥ. ಜೈಲಿನಲ್ಲಿ ಶಿಕ್ಷೆ ಕಡಿಮೆ ಮಾಡುವ ರೆಮಿಷನ್ನೂ ಅದೇ. ಎರಡು ಭಾಷೆಗಳೂ ಬೇರೆ ಬೇರೆ ದಾರಿಯಲ್ಲಿ 'ಬಿಡು' ಅನ್ನುವಲ್ಲಿಗೇ ಬಂದಿವೆ. ಇದು ನನಗೆ ಸಮಾಧಾನ ಕೊಟ್ಟಿತು.

ಬಳಸಿ ನೋಡಿದೆ. 'ಕಾಯಿಲೆ ಬಿಡುವು ಕೊಟ್ಟಿದೆ': ಸಹಜವಾಗಿದೆ. 'ಪೂರ್ತಿ ಬಿಡುವು': ಪರವಾಗಿಲ್ಲ. 'ಮಾತ್ರೆಯಿಲ್ಲದ ಬಿಡುವು': ಚೆನ್ನಾಗಿದೆ, ಆ ಉದ್ದನೆಯ ಇಂಗ್ಲಿಷಿಗಿಂತ ಬೇಗ ಅರ್ಥವಾಗುತ್ತದೆ. 'ಅರೆ ಬಿಡುವು': ಕಿವಿಗೆ ಹಿತವಿಲ್ಲ. ಇನ್ನೊಂದು ತೊಡಕು, ಬಿಡುವು ಅಂದರೆ ಕೆಲಸವಿಲ್ಲದ ಹೊತ್ತು ಅಂತಲೂ ಇದೆ. 'ಡಾಕ್ಟರಿಗೆ ಬಿಡುವಿಲ್ಲ, ನಿಮಗೆ ಬಿಡುವು' ಅಂತಾದರೆ ಗೊಂದಲ. ಅದಕ್ಕೆ ಒಂಟಿಯಾಗಿ ಬಳಸದೆ 'ರೋಗಬಿಡುವು' ಅಂತ ಸೇರಿಸಿ ಬರೆಯಬಹುದಾ?

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಪದ ಇದೆ: ಹೊಳವು. ಹಿಡಿದ ಮಳೆ ನಿಂತು ಸ್ವಲ್ಪ ಬೆಳಕಾದರೆ 'ಹೊಳವಾಯ್ತು' ಅನ್ನುತ್ತಾರೆ. ಹೊಳವಾಯ್ತು ಅಂತ ಯಾರೂ ಮಳೆಗಾಲ ಮುಗೀತು ಅಂದುಕೊಳ್ಳುವುದಿಲ್ಲ. ಅಡಿಕೆಗೆ ಕೊಳೆ ಬಾರದ ಹಾಗೆ ಬೋರ್ಡೋ ಔಷಧಿ ಹೊಡೆಯಲು ಓಡುತ್ತಾರೆ. ಆ ಹೊತ್ತು ಸಿಗುವುದೇ ಕೆಲಸ ಮಾಡಿಕೊಳ್ಳಲಿಕ್ಕೆ. ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಮ್ಮನ ಹತ್ತಿರ ಕೂತು, "ರಿಪೋರ್ಟಲ್ಲಿ ಬರೆದದ್ದು ವಾಸಿ ಅಂತಲ್ಲ ಚಿಕ್ಕಮ್ಮ, ಹೊಳವು ಅಂತ" ಅಂದೆ. ಅವರು ಒಂದು ಗಳಿಗೆ ಅಂಗಳ ನೋಡಿದರು. "ಹಂಗಾದ್ರೆ ಔಷಧಿ ಹೊಡೀತಾನೇ ಇರ್ಬೇಕು ಅನ್ನು" ಅಂದರು. ಆರು ವರ್ಷದಿಂದ ಯಾರೂ ತಿಳಿಸಲಾಗದ್ದು ಒಂದೇ ಪದದಲ್ಲಿ ತಿಳಿಯಿತು. ಆದರೆ ಬಯಲುಸೀಮೆಯವರಿಗೆ ಹೊಳವು ಗೊತ್ತಾ? ನೀವೇ ಹೇಳಬೇಕು.

ಇದರ ಜೊತೆಗೇ ಇನ್ನೊಂದು ಪದ. ರೆಮಿಷನ್ ಆದಮೇಲೂ ಮೈಯಲ್ಲಿ ಉಳಿದ ಚೂರುಪಾರು ಕ್ಯಾನ್ಸರ್ ಕೋಶಗಳನ್ನು ಈಗ ಲಕ್ಷಕ್ಕೊಂದು ಇದ್ದರೂ ಪತ್ತೆ ಹಚ್ಚುವ ಪರೀಕ್ಷೆಗಳಿವೆ. ಹಾಗೆ ಉಳಿದ ರೋಗಕ್ಕೆ ಎಂಆರ್‌ಡಿ ಅನ್ನುತ್ತಾರೆ. 'ಉಳಿಕೆ ರೋಗ' ಅನ್ನಬಹುದು, ತಪ್ಪಿಲ್ಲ. ನನಗೆ ಹೊಳೆದದ್ದು 'ಕೂಳೆ'. ಕೊಯ್ಲಾದಮೇಲೆ ನೆಲದಲ್ಲಿ ಉಳಿಯುವ ಮೋಟು. ಕಬ್ಬಿನ ಕೂಳೆ ಮತ್ತೆ ಚಿಗುರುತ್ತದೆ ಅಂತ ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ. ಉಳಿದಿದೆ, ನೀರು ಸಿಕ್ಕರೆ ಚಿಗುರುತ್ತದೆ, ಎರಡೂ ಒಂದೇ ಪದದಲ್ಲಿ ಬಂದವು. ಆದರೆ ನಮ್ಮೂರಿನಲ್ಲಿ 'ಕೂಳೆ ರೋಗ' ಅಂದರೆ ಅಡಿಕೆಯ 'ಕೊಳೆ ರೋಗ' ಅಂತಲೇ ಕೇಳಿಸುತ್ತದೆ! ಆದ್ದರಿಂದ 'ಕೂಳೆ ಕೋಶ' ಅಂದರೆ ಹೇಗೆ? 'ಕೂಳೆ ಪರೀಕ್ಷೆ'?

ನಿಮ್ಮಿಂದ ಬೇಕಾದದ್ದು ಇಷ್ಟು. ಧಾರವಾಡ, ಬೆಳಗಾವಿ ಕಡೆ 'ಜಡ್ಡು ಕಡಿಮಿ ಆಗೇತಿ' ಅಂದರೆ ಅದು ಪೂರ್ತಿ ಹೋಯಿತು ಅಂತಲಾ, ಇನ್ನೂ ಇದೆ ಅಂತಲಾ? ಮಂಗಳೂರು ಕಡೆಯ 'ಈಗ ಕಡಿಮೆ ಉಂಟು' ಹೇಗೆ? ಕಲಬುರಗಿ, ಬೀದರ್ ಕಡೆ ಬೇರೆ ಪದ ಇದೆಯಾ? ಮಳೆ, ಜ್ವರ, ಹೊಟ್ಟೆನೋವು, ಯಾವುದೇ ಆಗಲಿ, 'ಸದ್ಯಕ್ಕೆ ನಿಂತಿದೆ' ಅನ್ನುವುದಕ್ಕೆ ನಿಮ್ಮ ಮನೆಯ ಹಿರಿಯರು ಬಳಸುವ ಮಾತು ಬರೆಯಿರಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್, ಡಾಕ್ಟರುಗಳು ಈ ಬಳಗದಲ್ಲಿದ್ದಾರೆ. ರೋಗಿಗಳ ಮುಂದೆ ನೀವು ನಿಜವಾಗಿ ಏನು ಹೇಳುತ್ತೀರಿ?

ಚಿಕ್ಕಮ್ಮನ ಫೈಲಿನಲ್ಲಿ ಇಡಲು ಒಂದು ಹಾಳೆ ಬರೆಯುತ್ತಿದ್ದೇನೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮುಂದಿನ ಪರೀಕ್ಷೆಗೆ ಮೂರು ವಾರ ಇದೆ. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ 'ಹೊಳವು' ಪಕ್ಕದಲ್ಲಿ ಅದನ್ನೂ ಬರೆದಿಡುತ್ತೇನೆ.