ಭಾನುವಾರದ ಪ್ರಶ್ನೋತ್ತರ: ಯಾವಾಗಲೂ ನನ್ನ ಮಗಳೇ ನಾಯಿ

ಪುಟ್ಟಿಯ ಅಮ್ಮ: ಮೇಡಂ, ಮಗಳಿಗೆ 5 ವರ್ಷ. ಮೇಲಿನ ಮನೆಯ 7 ವರ್ಷದ ಹುಡುಗಿ ಜೊತೆ ಮನೆ ಆಟ ಆಡುತ್ತಾಳೆ. ಅವಳು ಯಾವಾಗಲೂ ಅಮ್ಮ, ನಮ್ಮವಳು ನಾಯಿ. ನಿನ್ನೆ ಕುತ್ತಿಗೆಗೆ ದುಪಟ್ಟಾ ಹಾಕಿ ಗೇಟಿಗೆ ಕಟ್ಟಿದ್ದಳು. ಬೇಡ ಅಂದರೆ "ಠೂ, ಆಟಕ್ಕೆ ಸೇರಿಸಲ್ಲ" ಅನ್ನುತ್ತಾಳಂತೆ.

ಚಿಂಟು ಅಪ್ಪ: ನಮ್ಮಲ್ಲೂ ಇದೇ. ಟೀಚರ್ ಆಟದಲ್ಲಿ ಮಗ ಯಾವಾಗಲೂ ವಿದ್ಯಾರ್ಥಿ.

ಹಾಸನದ ಅಮ್ಮ: ನನ್ನ ಮಗ 3 ವರ್ಷ. ಒಬ್ಬನೇ ಚಮಚಗಳಿಗೆ ಹೆಸರಿಟ್ಟು ಮಾತಾಡಿಸುತ್ತಾನೆ. ಸರಿಯಾ?

ಕೌನ್ಸೆಲರ್: ಪುಟ್ಟಿಯ ಅಮ್ಮ, ಮೊದಲು ದುಪಟ್ಟಾ. ಹಗ್ಗ, ಬೆಲ್ಟ್, ಯಾವುದನ್ನೂ ಕುತ್ತಿಗೆಗೆ ಕಟ್ಟುವ ಹಾಗಿಲ್ಲ. ಉಸಿರು ಕಟ್ಟಲು ಜಾಸ್ತಿ ಹೊತ್ತು ಬೇಕಿಲ್ಲ. ಇದನ್ನು ಪುಟ್ಟಿ ಎದುರಿಸಲಿ ಅಂತ ಬಿಡಬೇಡಿ, ನೀವೇ ಹೋಗಿ ನಿಲ್ಲಿಸಿ. ಆ ಮನೆಯವರಿಗೂ ಇವತ್ತೇ ಹೇಳಿ.

ನಾಯಿ ಆಗುವುದರಲ್ಲಿ ತಪ್ಪಿಲ್ಲ. ಕೆಲವು ಮಕ್ಕಳು ಕೇಳಿ ಕೇಳಿ ನಾಯಿ ಆಗುತ್ತಾರೆ. ಪುಟ್ಟಿ ಸಾಕು ಅಂದಾಗ ಆಟ ನಿಲ್ಲುತ್ತಾ, ಅದನ್ನು ನೋಡಿ. "ನಾನು ಆಗಲ್ಲ" ಅಂದರೆ ಆಟವೇ ಮುರಿಯುತ್ತೆ ಅನ್ನುವ ಹೆದರಿಕೆ ಈ ವಯಸ್ಸಿಗೆ ದೊಡ್ಡದು. ಅದಕ್ಕೇ ಕಥೆಯ ಒಳಗಿಂದ ತಿರುಗಿಬೀಳುವುದು ಸುಲಭ. ನಾಯಿ ತಪ್ಪಿಸಿಕೊಂಡು ಓಡಿತು. ನಾಯಿಗೆ ಮಾತು ಬಂತು. ಅಮ್ಮ ಆಫೀಸಿಗೆ ಹೋದಳು, ನಾಯಿಯೇ ಅಡುಗೆಗೆ ನಿಂತಿತು.

ರಷ್ಯಾದ ಮನಶ್ಶಾಸ್ತ್ರಜ್ಞ ವಿಗೋಟ್‌ಸ್ಕಿ 1933ರ ಉಪನ್ಯಾಸದಲ್ಲಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ: ನಟಿಸುವ ಆಟದಲ್ಲೂ ನಿಯಮ ಇದೆ. ಅಮ್ಮ ಆದವಳು ಅಮ್ಮನ ಹಾಗೆ ನಡೆದುಕೊಳ್ಳಬೇಕು. "ಅಮ್ಮ ನಾಯಿಗೆ ಊಟ ಹಾಕಬೇಕು ಅಲ್ವಾ?" ಅಂತ ಪುಟ್ಟಿ ಕೇಳಿದರೆ, ಆ ಜೋರಿನ ಹುಡುಗಿಯೂ ಸಿಕ್ಕಿಬೀಳುತ್ತಾಳೆ. ಮನೆಯಲ್ಲಿ ನೀವು ಜೋರಿನ ಅಮ್ಮ ಆಗಿ ಆಡಿ, ಪುಟ್ಟಿ ನಿಮ್ಮನ್ನು ಸೋಲಿಸಲಿ. ಪಾಠ ಬೇಡ. ಆಟ ನಿಲ್ಲಿಸಲು "ಜೂಟ್" ಅಂತ ಒಂದು ಮಾತು ಇರಲಿ: ಯಾರು ಅಂದರೂ ಎಲ್ಲರೂ ನಿಲ್ಲಬೇಕು.

ಚಿಂಟು ಅಪ್ಪ: ಮೇಡಂ, ನನ್ನ ಪ್ರಶ್ನೆ?

ಕೌನ್ಸೆಲರ್: ಬೇಜಾರು ಅವನಿಗಾ, ನಿಮಗಾ? ಅವನಿಗೆ ಇಲ್ಲದಿದ್ದರೆ ಸುಮ್ನೆ ಬಿಡಿ.

ಸಾಗರದ ಅತ್ತೆ: ಬಂದ ಮೆಸೇಜ್: ಬಜೆ ತೇದು 21 ದಿನ ನೆಕ್ಕಿಸಿ, ಪುಕ್ಕಲು ಮಗು ಹುಲಿ ಆಗುತ್ತೆ!

ಕೌನ್ಸೆಲರ್: ಇದು ಈ ಗುಂಪಿಗೆ ಎಷ್ಟನೇ ಸಲ? ಕೊಡಬೇಡಿ. ಜಮ್ಮುವಿನ ಬಜೆ ಎಣ್ಣೆ ತಿನ್ನಿಸಿದ ಇಲಿಗಳಲ್ಲಿ ಗಡ್ಡೆ ಕಂಡ ಮೇಲೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಮಕ್ಕಳಿಗೆ ವಾಂತಿ ಬರಬಹುದು, ಧೈರ್ಯ ಬರಲ್ಲ.

ಸಾಗರದ ಅತ್ತೆ: ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಕಿದ್ದು. ಯಾರೂ ಸತ್ತಿಲ್ಲ.

ಚಿಂಟು ಅಪ್ಪ: ಔಷಧಿ ಯಾಕೆ? ತಿರುಗಿಸಿ ಎರಡು ಕೊಡು ಅಂತ ಕಲಿಸಿ. ಆ ಹುಡುಗಿಯ ತಾಯಿ ಸರಿ ಇದ್ದಿದ್ದರೆ ಹೀಗಾಗುತ್ತಿತ್ತಾ?

ಅವಳಿಮಕ್ಕಳ ಅಮ್ಮ: ನನ್ನ ದೊಡ್ಡವಳೂ ಜೋರು. ಅವಳು ಬರದಿದ್ದರೆ ನಮ್ಮ ಬೀದಿಯಲ್ಲಿ ಆಟವೇ ಶುರುವಾಗಲ್ಲ. ತಾಯಿಯನ್ನು ಯಾಕೆ ಎಳೆಯುತ್ತೀರಿ?

ಚಿಂಟು ಅಪ್ಪ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು.

ಅವಳಿಮಕ್ಕಳ ಅಮ್ಮ: ಮಾತು ನೆಟ್ಟಗಿರಲಿ.

ಕೌನ್ಸೆಲರ್: ಇಬ್ಬರೂ ನಿಲ್ಲಿಸಿ. ಹೊಡೆಯಲು ಕಲಿಸಬೇಡಿ, ಅವಳು ಎರಡು ವರ್ಷ ದೊಡ್ಡವಳು. ಆಟ ಕಟ್ಟುವವರು ಇಂಥ ಮಕ್ಕಳೇ, ಅದೂ ನಿಜ. ಅಪ್ಪಣೆಯ ಜೊತೆಗೆ ಕೇಳುವುದನ್ನೂ ಕಲಿಯಲಿ.

ಹೊಸ ಸದಸ್ಯೆ: ಮೇಡಂ, ಡಾಕ್ಟರ್ ಆಟದಲ್ಲಿ ನನ್ನ ಮಗಳು ಯಾವಾಗಲೂ ಪೇಷಂಟ್. ಏನು ಮಾಡಲಿ?

ಕೌನ್ಸೆಲರ್: ಮೇಲೆ ಓದಿ.

ಪುಟ್ಟಿಯ ಅಮ್ಮ: ಹೋಗಿ ಹೇಳಿದೆ ಮೇಡಂ. "ಮಕ್ಕಳಾಟ, ಬಿಡ್ರೀ" ಅಂದರು.

ಕೌನ್ಸೆಲರ್: ಬಿಡಬೇಡಿ. ಇನ್ನು ಆಟ ನಿಮ್ಮ ಮನೆಯ ಹಾಲ್‌ನಲ್ಲಿ, ನಿಮ್ಮ ಕಣ್ಣೆದುರು. ದುಪಟ್ಟಾ ಬೀರುವಿನಲ್ಲಿ.

ಸಾಗರದ ಅತ್ತೆ: ಬಜೆ ಬೇಡ ಅಂದರೆ ದೃಷ್ಟಿ ಆದರೂ ತೆಗೆಯಿರಿ.

ಹಾಸನದ ಅಮ್ಮ: ಮೇಡಂ, ಚಮಚದ ವಿಷಯ?