ಮೆಡೂಸಾ ಫಾರ್ವರ್ಡ್: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ: 'ಮೆಡೂಸಾ ಅಥೀನಾ ದೇವಿಯ ಗುಡಿಯ ಪೂಜಾರಿಣಿ. ಸಮುದ್ರದೇವ ಪೊಸೈಡನ್ ಗುಡಿಯಲ್ಲೇ ಅವಳ ಮೇಲೆ ಅತ್ಯಾಚಾರ ಮಾಡಿದ. ಅಥೀನಾ ಅವನನ್ನು ಬಿಟ್ಟು ಅವಳಿಗೆ ಶಾಪ ಕೊಟ್ಟಳು. ಕೂದಲೆಲ್ಲ ಹಾವಾಯಿತು. ಇದೇ ಪ್ರಾಚೀನ ಗ್ರೀಕರ ನ್ಯಾಯ!' ಬಂದದ್ದನ್ನು ಹಾಗೇ ಕಳಿಸಿದ್ದೇನೆ, ಎಲ್ಲರೂ ಓದಿ.

ಪುಟ್ಟಿ: ಓದಿ ಹೊಟ್ಟೆ ಉರಿಯಿತು ಚಿಕ್ಕಪ್ಪ. ತಪ್ಪು ಮಾಡಿದವನು ಆರಾಮಾಗಿ ಸಮುದ್ರಕ್ಕೆ ಹೋದ, ಅನುಭವಿಸಿದವಳು ರಾಕ್ಷಸಿ ಆದಳು.

ನಾನು: ಸಿಟ್ಟು ಬರುವುದು ಸರಿಯೇ. ಆದರೆ ಕೊನೇ ಸಾಲು ತಪ್ಪು ಚಿಕ್ಕಪ್ಪ. ಗುಡಿ, ಶಾಪದ ಈ ಕಥೆ ರೋಮಿನ ಕವಿ ಓವಿಡ್ ಕ್ರಿ.ಶ. 8ರ ಸುಮಾರಿಗೆ ಲ್ಯಾಟಿನ್‌ನಲ್ಲಿ ಬರೆದದ್ದು. ಪೂಜಾರಿಣಿ ಅನ್ನುವ ಮಾತು ಅವನಲ್ಲೂ ಇಲ್ಲ.

ಚಿಕ್ಕಪ್ಪ: ಗ್ರೀಸ್ ಆದರೇನು, ರೋಮ್ ಆದರೇನು? ದೇವರುಗಳು ಅವರೇ ಅಲ್ವಾ?

ನಾನು: ನಡುವೆ 700 ವರ್ಷ ಇದೆ! ಕ್ರಿ.ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯಡ್ ಹೇಳುವುದೇ ಬೇರೆ. ಸ್ಥೆನೋ, ಯೂರಿಯಾಲೆ, ಮೆಡೂಸಾ ಮೂವರೂ ಅಕ್ಕತಂಗಿಯರು, ಹುಟ್ಟಿನಿಂದಲೇ ಗಾರ್ಗನ್ ಅನ್ನುವ ರಾಕ್ಷಸಿಯರು. ಇಬ್ಬರಿಗೆ ಸಾವಿಲ್ಲ, ಮೆಡೂಸಾಗೆ ಮಾತ್ರ ಇದೆ. ಪೊಸೈಡನ್ ಅವಳ ಜೊತೆ ಮಲಗಿದ್ದು ಮೆತ್ತನೆ ಹುಲ್ಲುಗಾವಲಿನಲ್ಲಿ, ವಸಂತದ ಹೂಗಳ ನಡುವೆ. ಗುಡಿ ಇಲ್ಲ, ಶಾಪ ಇಲ್ಲ. ಪರ್ಸಿಯಸ್ ಅನ್ನುವ ವೀರ ಅವಳ ತಲೆ ಕಡಿದಾಗ ಪೆಗಾಸಸ್ ಕುದುರೆಯೂ ಕ್ರೈಸೇಯರ್ ಅನ್ನುವ ಮಗನೂ ಹಾರಿ ಬಂದರು.

ದೊಡ್ಡತ್ತೆ: ಮತ್ತೆ ಗ್ರೀಕರು ಅವಳ ಮುಖವನ್ನು ಅಷ್ಟು ಭಯಂಕರವಾಗಿ ಯಾಕೆ ಕೆತ್ತುತ್ತಿದ್ದರು?

ನಾನು: ಕೆಟ್ಟದ್ದು ಹತ್ತಿರ ಬರದಿರಲಿ ಅಂತ ಅತ್ತೆ. ಗ್ರೀಸಿನ ಕಾರ್ಫು ದ್ವೀಪದಲ್ಲಿ ಆರ್ಟೆಮಿಸ್ ದೇವಿಯ ಗುಡಿ ಇತ್ತು, ಕ್ರಿ.ಪೂ. 580ರ ಸುಮಾರಿನದು. ಅದರ ಮುಂಭಾಗದ ನೆತ್ತಿಯಲ್ಲಿ ಆಳೆತ್ತರಕ್ಕಿಂತ ದೊಡ್ಡ ಮೆಡೂಸಾ, ಮಂಡಿ ಮಡಚಿ ಓಡುತ್ತಿದ್ದಾಳೆ. ಎರಡು ಹಾವು ಗಂಟು ಹಾಕಿಕೊಂಡು ಸೊಂಟಕ್ಕೆ ಡಾಬಿನ ಹಾಗೆ ಸುತ್ತಿವೆ. ಅಕ್ಕಪಕ್ಕ ಇಬ್ಬರೂ ಮಕ್ಕಳು. ತಲೆ ಹೋದ ಮೇಲೆ ಹುಟ್ಟಬೇಕಾದವರು ಅಲ್ಲಿ ತಾಯಿ ಜೊತೆಗೇ ಇದ್ದಾರೆ. ನನಗೆ ಆ ಶಿಲ್ಪ ಬಹಳ ಇಷ್ಟ. ಕುಡಿಯುವ ಬಟ್ಟಲಿನ ಒಳತಳದಲ್ಲೂ ಈ ಮುಖ ಬರೆಯುತ್ತಿದ್ದರು. ವೈನ್ ಮುಗಿಯುತ್ತಿದ್ದ ಹಾಗೆ ನಾಲಿಗೆ ಚಾಚಿಕೊಂಡು ಕಾಣಿಸುತ್ತಿತ್ತು.

ಪುಟ್ಟಿ: ಅಂದರೆ ಅವಳಿಗೆ ಅನ್ಯಾಯವೇ ಆಗಿಲ್ಲ ಅಂತೀಯಾ ಅಕ್ಕ? ಓವಿಡ್ ಎಲ್ಲ ಸುಮ್ನೆ ಹುಟ್ಟಿಸಿದ್ದಾ?

ನಾನು: ಹಾಗಲ್ಲ. ಕ್ರಿ.ಪೂ. 490ರಲ್ಲೇ ಗ್ರೀಕ್ ಕವಿ ಪಿಂಡರ್ ಅವಳನ್ನು ಚೆಂದದ ಕೆನ್ನೆಯವಳು ಅಂದಿದ್ದಾನೆ. ಅವಳು ಚೆಲುವೆ ಅನ್ನುವುದು ಓವಿಡ್‌ಗಿಂತ ಹಳೇದು. ಇನ್ನೊಂದು ನೋಡು. ಓವಿಡ್‌ನಲ್ಲಿ ಗುಡಿಯ ಕಥೆ ಹೇಳುವವನು ಪರ್ಸಿಯಸ್. ತಲೆ ಕಡಿದವನೇ, ತನ್ನ ಮದುವೆ ಊಟದಲ್ಲಿ ಕೂತು ಹೇಳುತ್ತಾನೆ. ಅವಳ ಮಾತು ನಮಗೆ ಸಿಗುವುದೇ ಇಲ್ಲ.

ಪುಟ್ಟಿ: ಅದಕ್ಕೇ ಹೇಳಿದ್ದು. ಅವಳಿಗಾಗಿ ಅಳುವವರೇ ಇಲ್ಲ.

ನಾನು: ಇದ್ದಾರೆ ಪುಟ್ಟಿ, ಪಿಂಡರ್ ಹಾಡಿನಲ್ಲೇ ಇದ್ದಾರೆ. ಒಡಹುಟ್ಟಿದವಳು ಸತ್ತಾಗ ಯೂರಿಯಾಲೆ ಗೋಳಿಟ್ಟಳು. ಆ ಗೋಳು ಕೇಳಿ ಅಥೀನಾ ಅದನ್ನೇ ಜೋಡಿ ಕೊಳವೆಯ ವಾದ್ಯದಲ್ಲಿ ನುಡಿಸಿದಳು. ಓಲಗದ ಥರ ಪೀಪಿ ಇಟ್ಟು ಊದುವ ವಾದ್ಯ ಅದು. ಆ ಧಾಟಿಗೆ 'ಅನೇಕ ತಲೆಗಳ ಧಾಟಿ' ಅಂತ ಹೆಸರಿಟ್ಟಳು.

ದೊಡ್ಡತ್ತೆ: ಅಯ್ಯೋ ಪಾಪ. ಆ ಹಾಡಿನ ಸಾಲುಗಳನ್ನು ಕನ್ನಡ ಮಾಡಿ ಇಲ್ಲಿ ಹಾಕು.

ಚಿಕ್ಕಪ್ಪ: ನಾನು ಕಳಿಸಿದ್ದನ್ನು ಅಳಿಸಲಾ?

ನಾನು: ಬೇಡ ಚಿಕ್ಕಪ್ಪ. ಕೊನೇ ಸಾಲು ತೆಗೆದು 'ಓವಿಡ್ ಹೇಳಿದ ಕಥೆ' ಅಂತ ಹಾಕಿ. ಪೂಜಾರಿಣಿ ಅನ್ನುವುದನ್ನೂ ತೆಗೆಯಿರಿ.

ಪುಟ್ಟಿ: ತೆಗೆಯಿರಿ. ಆದರೆ ನನ್ನ ಸಿಟ್ಟು ಇನ್ನೂ ಹಾಗೇ ಇದೆ ಅಕ್ಕ.